ಕವರು ತೆಗೆಯದ ಸೋಫಾ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಅವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗ್ರೂಪ್ ಬಿ ಅಧಿಕಾರಿ. ಕಚೇರಿಗೆ ಸಾಮಾನು ಸರಬರಾಜು ಮಾಡುವವರ ಬಿಲ್ಲು ಪಾಸು ಮಾಡುವುದು ಅವರ ಕೆಲಸ. ನನ್ನ ಹತ್ತಿರ ಸಲಹೆಗೆ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ನಿಜ ವಿಷಯ ಬಾಯಿಬಿಟ್ಟಿದ್ದು ಎರಡನೇ ಭೇಟಿಯಲ್ಲಿ.

ಹೊಸ ಮನೆಗೆ ಸೋಫಾ, ಮಂಚ, ಬೀರು ಬೇಕಿತ್ತು. ಕಚೇರಿಗೆ ಕುರ್ಚಿ ಮೇಜು ಕೊಡುವವರದೇ ಅಂಗಡಿ. 1,80,000 ರೂಪಾಯಿಯ ಸಾಮಾನನ್ನು 1,20,000ಕ್ಕೆ ಮನೆಗೆ ಕಳಿಸಿದರು.

"ನಾನೇನು ದುಡ್ಡು ಮುಟ್ಟಿಲ್ಲ ಮೇಡಂ. ಡಿಸ್ಕೌಂಟು ಯಾರು ಬೇಡ ಅಂತಾರೆ?"

ಆದರೆ ಸೋಫಾದ ಪ್ಲಾಸ್ಟಿಕ್ ಕವರು ತೆಗೆಯಲು ಮಾತ್ರ ಇವರು ಬಿಡುತ್ತಿರಲಿಲ್ಲ. ತಾವು ಹಳೇ ಕುರ್ಚಿಯಲ್ಲೇ ಕೂರುತ್ತಿದ್ದರು. ಇದೆಂಥ ಹುಚ್ಚು ಅಂತ ಹೆಂಡತಿ ಜೊತೆ ದಿನಾ ಜಗಳ.

ನನ್ನ ಕಿವಿ ನೆಟ್ಟಗಾಗಿದ್ದು ಇನ್ನೊಂದು ಮಾತಿಗೆ. ಆ ಅಂಗಡಿಯವರ ಬಿಲ್ಲು ಬಂದರೆ ನಾಲ್ಕು ಸಲ ಕೂಡಿಸಿ ನೋಡುತ್ತಿದ್ದರಂತೆ. ಒಮ್ಮೆ ಸರಿಯಾಗಿಯೇ ಇದ್ದ ಬಿಲ್ಲನ್ನು ಸೀಲು ಮಸುಕಾಗಿದೆ ಅಂತ ವಾಪಸ್ ಕಳಿಸಿದ್ದರು. ತಾನು ಮುಲಾಜಿಗೆ ಬಿದ್ದಿಲ್ಲ ಅಂತ ತಮಗೇ ತೋರಿಸಿಕೊಳ್ಳಲು! ಪಾಸು ಮಾಡಿದರೂ ಅಳುಕು, ತಡೆದರೂ ಅಳುಕು. ಅರವತ್ತು ಸಾವಿರ ಉಳಿಸಲು ಹೋಗಿ ನೆಟ್ಟಗೆ ಸಹಿ ಹಾಕುವ ಧೈರ್ಯವನ್ನೇ ಕಳೆದುಕೊಂಡಿದ್ದರು.

1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳನ್ನು ಇಬ್ಬರೂ ಕೂತು ಓದಿದೆವು. 13ನೇ ನಿಯಮದ ಪ್ರಕಾರ ಉಡುಗೊರೆ ಅಂದರೆ ವಸ್ತು ಮಾತ್ರ ಅಲ್ಲ. ಪುಕ್ಕಟೆ ಪ್ರಯಾಣ, ವಸತಿ, ಹಣದ ಲಾಭ ಎಲ್ಲವೂ ಅದರಲ್ಲಿ ಬರುತ್ತದೆ. ಅಪರೂಪಕ್ಕೊಂದು ಊಟ, ದಾರಿಯಲ್ಲಿ ಸಿಕ್ಕ ಲಿಫ್ಟು ಬರುವುದಿಲ್ಲ. 18ನೇ ನಿಯಮ ಇವರಿಗೆ ಗೊತ್ತೇ ಇರಲಿಲ್ಲ. ಎರಡು ತಿಂಗಳ ಮೂಲ ಸಂಬಳಕ್ಕಿಂತ ಜಾಸ್ತಿ ಬೆಲೆಯ ಸಾಮಾನನ್ನು, ಕಚೇರಿ ವ್ಯವಹಾರ ಇರುವವರಿಂದ ಕೊಳ್ಳಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಇವರ ಖರೀದಿ ಆ ಮಿತಿ ದಾಟಿತ್ತು.

ನಾನು ಕೇಳಿದ್ದು ಇಷ್ಟೇ. "ನಿಮ್ಮ ಹಿಂದೆ ನಿಂತಿದ್ದ ಗಿರಾಕಿಗೂ ಅದೇ ರೇಟು ಸಿಗುತ್ತಿತ್ತಾ?" ಎಲ್ಲರಿಗೂ ಬೋರ್ಡು ಹಾಕಿ ಕೊಡುವ ರಿಯಾಯಿತಿಯ ಮಾತೇ ಬೇರೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು.

"ಬಾಕಿ ಅರವತ್ತು ಸಾವಿರ ಕೊಟ್ಟು ಕೈತೊಳೆದುಕೊಳ್ಳಲಾ?"

ಕೊಡಿ, ಆದರೆ ಗುಟ್ಟಾಗಿ ಬೇಡ, ಅದಿನ್ನೊಂದು ಗುಟ್ಟಾಗುತ್ತದೆ ಅಂದೆ. ಮೊದಲು ವಕೀಲರನ್ನು ಕಾಣಿ, ಭ್ರಷ್ಟಾಚಾರ ತಡೆ ಕಾಯ್ದೆಯ ಮಾತು ಅವರು ಹೇಳಲಿ. ಆಮೇಲೆ ಮೇಲಧಿಕಾರಿಗೆ ಬರೆದುಕೊಡಿ. ಹಣವನ್ನು ಬ್ಯಾಂಕಿನ ಮೂಲಕವೇ ಕಟ್ಟಿ, ಪೂರ್ತಿ ಬೆಲೆಯ ಬಿಲ್ಲು ತಗೊಳ್ಳಿ. ಆ ಅಂಗಡಿಯ ಕಡತ ಬೇರೆಯವರಿಗೆ ಕೊಡಲು ಕೇಳಿ. ಮನೆಯಲ್ಲಿ ಇವತ್ತೇ ಹೇಳಿ.

ಪತ್ರದ ಮೊದಲ ಕರಡು ಮೂರು ಪುಟ, ಬರೀ ಸಮಜಾಯಿಷಿ. ಕೊನೆಗೆ ಎಂಟು ಸಾಲಿಗೆ ಇಳಿಯಿತು.

ಇಲಾಖೆ ವಿವರಣೆ ಕೇಳಿದೆ, ಏನಾಗುತ್ತದೋ ಇನ್ನೂ ಗೊತ್ತಿಲ್ಲ. ಕಡತ ಬೇರೆಯವರ ಮೇಜಿಗೆ ಹೋಗಿದೆ. ಹೋದ ವಾರ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ನಿದ್ದೆ ಪರವಾಗಿಲ್ಲವಂತೆ, ಸೋಫಾದ ಕವರು ಮಾತ್ರ ಹಾಗೇ ಇದೆಯಂತೆ.