ಪ್ರಶ್ನೋತ್ತರ: ಕೊಲ್ಲಿಯ ಕರೆ, ಜೂಮ್‌ನ ಭಜನೆ

ಪ್ರಶ್ನೆ: ದುಬೈಯಲ್ಲಿರುವ ಮಗನ ವಾಟ್ಸ್ಆ್ಯಪ್ ಸಂದೇಶ, ಫೋಟೋ ಎಲ್ಲವೂ ಬರುತ್ತವೆ, ಕರೆ ಮಾತ್ರ ಹತ್ತುವುದಿಲ್ಲ. ಹೊಸ ಫೋನ್ ಕೊಂಡರೂ ಅದೇ ಪಾಡು. ದೋಷ ಎಲ್ಲಿದೆ? (ಓದುಗರು, ಠಾಣೆ)

ಉತ್ತರ: ಹೊಸ ಫೋನ್ ಬೇಕಿರಲಿಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಇಂಟರ್ನೆಟ್ ಮೂಲಕ ಮಾತನಾಡಿಸುವ ಸೇವೆಗೆ ಅಲ್ಲಿಯ ದೂರಸಂಪರ್ಕ ನಿಯಂತ್ರಕರ ಅನುಮತಿ ಬೇಕು. ವಾಟ್ಸ್ಆ್ಯಪ್ ಕರೆಗೆ ಆ ಅನುಮತಿ ಇಲ್ಲದ ಕಾರಣ ಅಕ್ಷರ ದಾಟುತ್ತದೆ, ಧ್ವನಿ ಗಡಿಯಲ್ಲೇ ನಿಲ್ಲುತ್ತದೆ. ಅಲ್ಲಿ ಅನುಮತಿ ಪಡೆದಿರುವ ಬೋಟಿಮ್ ಎಂಬ ಕರೆ ಆ್ಯಪ್ ಅನ್ನು ನೀವೂ ಮಗನೂ ಇಬ್ಬರೂ ಹಾಕಿಕೊಂಡರೆ ಮಾತು ನಡೆಯುತ್ತದೆ. ಕರಾವಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿ ಮಕ್ಕಳನ್ನು ಕೊಲ್ಲಿಗೆ ಕಳಿಸಿದ ಅನೇಕ ಮನೆಗಳಿಗೆ ಈ ಹೆಸರು ಹೊಸದಲ್ಲ. ವಿಪಿಎನ್ (ಫೋನ್ ಯಾವ ದೇಶದಲ್ಲಿದೆ ಎಂಬುದನ್ನು ಮರೆಮಾಚುವ ಸಾಫ್ಟ್‌ವೇರ್) ಹಾಕಿ ನಿರ್ಬಂಧವನ್ನು ತಪ್ಪಿಸಿಕೊಳ್ಳುವಂತೆ ಯಾರಾದರೂ ಸಲಹೆ ಕೊಟ್ಟರೆ ಕಿವಿಗೊಡಬೇಡಿ. ಅಲ್ಲಿ ಅದು ಶಿಕ್ಷೆಗೆ ದಾರಿಯಾಗಬಹುದು, ತೊಂದರೆಗೆ ಸಿಲುಕುವವನು ನಿಮ್ಮ ಮಗ.

ಪ್ರಶ್ನೆ: ನಮ್ಮ ಭಜನಾ ಮಂಡಳಿಯ ಕೆಲವರು ಪುಣೆಗೆ, ಇಬ್ಬರು ಮಡಗಾಂವಿಗೆ ಹೋಗಿ ನೆಲೆಸಿದ್ದಾರೆ. ಶನಿವಾರ ಎಲ್ಲರೂ ಜೂಮ್‌ನಲ್ಲಿ ಸೇರಿ ಹಾಡಲು ಕುಳಿತರೆ ತಾಳ ಒಂದು ಕಡೆ, ಹಾಡು ಒಂದು ಕಡೆ. ಹಾರ್ಮೋನಿಯಮ್ಮಿನ ಸ್ವರ ನಡುನಡುವೆ ಮಾಯವಾಗುತ್ತದೆ. ಇಂಟರ್ನೆಟ್ಟಿನ ವೇಗ ಹೆಚ್ಚಿಸಿಕೊಂಡರೆ ಸರಿಹೋದೀತೆ? (ಓದುಗರು, ಡೊಂಬಿವಲಿ)

ಉತ್ತರ: ವೇಗದ ಪ್ಲಾನಿಗೆ ದುಡ್ಡು ಸುರಿಯಬೇಡಿ, ಇಲ್ಲಿಯ ತೊಂದರೆ ವೇಗದ್ದಲ್ಲ, ವಿಳಂಬದ್ದು. ನಿಮ್ಮ ದನಿಯನ್ನು ಸಾಫ್ಟ್‌ವೇರ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಕುಗ್ಗಿಸಿ, ಸರ್ವರಿನ ಮೂಲಕ ಕಳಿಸುತ್ತದೆ. ಈ ತುಣುಕುಗಳು ಒಂದೇ ಲಯದಲ್ಲಿ ಬಂದು ತಲುಪದ ಕಾರಣ ಆ ಕಡೆಯ ಫೋನ್ ಅವನ್ನು ಕ್ಷಣಕಾಲ ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಹೀಗೆ ಎಲ್ಲ ಸೇರಿ ಆಗುವ ವಿಳಂಬ ಒಂದು ಕಡೆಗೆ 150 ಮಿಲಿಸೆಕೆಂಡಿನೊಳಗಿದ್ದರೆ ಮಾತುಕತೆಗೆ ಅಡ್ಡಿಯಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಆದರೆ ಕೂಡಿ ಹಾಡುವವರಿಗೆ ಸುಮಾರು 25–30 ಮಿಲಿಸೆಕೆಂಡ್ ದಾಟಿದರೆ ಲಯ ಜಗ್ಗತೊಡಗುತ್ತದೆ. ಗಾಳಿಯಲ್ಲಿ ಶಬ್ದ 150 ಮಿಲಿಸೆಕೆಂಡಿನಲ್ಲಿ ಸುಮಾರು 50 ಮೀಟರ್ ಹೋಗುವುದರಿಂದ, ನಿಮ್ಮ ತಾಳದವರು ಹಾಡುವವರಿಂದ ಲೋಕಲ್ ಟ್ರೇನಿನ ಎರಡೂವರೆ ಡಬ್ಬಿಗಳಷ್ಟು ದೂರ ಕುಳಿತಂತಾಯಿತು. ಪರಸ್ಪರ ಕೇಳಿಸಿಕೊಂಡು ಕಾಯುತ್ತಾ ಹೋದರೆ ಹಾಡು ಪ್ರತಿ ಸಾಲಿಗೂ ಇನ್ನಷ್ಟು ನಿಧಾನವಾಗುತ್ತದೆ. ನಿಮಗೂ ಇದರ ಅನುಭವ ಆಗಿರಲೇಬೇಕು.

ಹಾರ್ಮೋನಿಯಮ್ಮಿನ ಕಥೆ ಬೇರೆ. ಮಾತಿಗೆಂದೇ ರೂಪಿಸಿದ ಈ ಸಾಫ್ಟ್‌ವೇರ್‌ಗಳು ಫ್ಯಾನಿನ ಗುಂಯ್‌ಗುಡುವಿಕೆಯಂಥ ಎಡೆಬಿಡದ ಸದ್ದನ್ನು ಗದ್ದಲವೆಂದು ಅಳಿಸಿಬಿಡುತ್ತವೆ, ಶ್ರುತಿಯೂ ಅದೇ ಲೆಕ್ಕಕ್ಕೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಜೂಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಆಡಿಯೋ ವಿಭಾಗದಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಶಿಯನ್ಸ್’ ಆರಿಸಿ, ಸಭೆ ಆರಂಭವಾದ ಮೇಲೆ ಪರದೆಯ ಮೇಲೆ ಕಾಣುವ ಅದೇ ಹೆಸರಿನ ಗುಂಡಿಯನ್ನು ಆನ್ ಮಾಡಿ. ಆಗ ಹಾಡುವವರು ಇಯರ್‌ಫೋನ್ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಪ್ರತಿಧ್ವನಿ ಕಾಡುತ್ತದೆ. ಹಾಡು, ಹಾರ್ಮೋನಿಯಂ, ತಾಳ ಮೂರೂ ಒಂದೇ ಮನೆಯಲ್ಲಿರಲಿ. ಉಳಿದವರು ಮೈಕ್ ಮುಚ್ಚಿ ತಮ್ಮ ಮನೆಯಲ್ಲಿ ದನಿಗೂಡಿಸಲಿ. ಒಂದೊಂದು ವಾರ ಒಂದೊಂದು ಮನೆಯವರು ಹಾಡಿಕೊಡಬಹುದು. ಇದು ಅರ್ಧ ಭಜನೆಯೆಂದು ಹಿರಿಯರು ಗೊಣಗಬಹುದು, ಗೊಣಗಾಟ ನ್ಯಾಯವೇ. ಆದರೂ ನಾಲ್ಕು ಊರಿನ ತಾಳಗಳು ಕಚ್ಚಾಡುವುದಕ್ಕಿಂತ ಇದು ಕೇಳಲು ಹಿತ. ಅಂದಹಾಗೆ, ಉಚಿತ ಜೂಮ್ ಸಭೆ 40 ನಿಮಿಷಕ್ಕೆ ಮುಗಿದುಹೋಗುತ್ತದೆ, ಮಂಗಳಾರತಿಯನ್ನು ಅಷ್ಟರೊಳಗೆ ಮುಗಿಸಿ.

ಪ್ರಶ್ನೆ: ಅಮೆರಿಕದ ಮಗಳೊಡನೆ ವರ್ಷಗಟ್ಟಲೆ ಮಾತನಾಡಿದ ಸ್ಕೈಪ್ ಈಗ ತೆರೆಯುತ್ತಿಲ್ಲ. (ಓದುಗರು, ಪುಣೆ)

ಉತ್ತರ: 2003ರಲ್ಲಿ ಹುಟ್ಟಿದ ಸ್ಕೈಪನ್ನು ಮೈಕ್ರೋಸಾಫ್ಟ್ 2025ರ ಮೇ 5ರಂದು ಮುಚ್ಚಿ, ಬಳಕೆದಾರರಿಗೆ ತನ್ನದೇ ಇನ್ನೊಂದು ಕರೆ ಸೇವೆಯಾದ ಟೀಮ್ಸ್ ತೋರಿಸಿತು. ಮಗಳ ಬಳಿ ಯಾವುದು ಇದೆಯೋ ಅದನ್ನೇ ಹಾಕಿಕೊಳ್ಳಿ.

ಪ್ರಶ್ನೆ: ಪರಿಚಯದವರ ವಾಟ್ಸ್ಆ್ಯಪ್‌ನಿಂದ, ‘ತಪ್ಪಿ ನಿಮಗೆ ಆರು ಅಂಕಿಯ ಕೋಡ್ ಬಂದಿದೆ, ಕಳಿಸಿ’ ಎಂದು ಸಂದೇಶ ಬಂದಿದೆ. ಕಳಿಸಬಹುದೆ? (ಓದುಗರು, ವಾಸ್ಕೊ)

ಉತ್ತರ: ಖಂಡಿತ ಕೂಡದು. ಅದು ನಿಮ್ಮದೇ ಖಾತೆಯನ್ನು ಇನ್ನೊಂದು ಫೋನಿನಲ್ಲಿ ತೆರೆಯುವ ಕೋಡ್; ಆ ಪರಿಚಯದವರ ಖಾತೆ ಈಗಾಗಲೇ ಕಳ್ಳರ ಕೈಸೇರಿದೆ ಎಂದೇ ತಿಳಿದು, ಅವರಿಗೆ ಸಾಮಾನ್ಯ ಫೋನ್ ಕರೆ ಮಾಡಿ ಎಚ್ಚರಿಸಿ. ಅವರು ತಮ್ಮ ನಂಬರನ್ನು ವಾಟ್ಸ್ಆ್ಯಪ್‌ನಲ್ಲಿ ಮರಳಿ ನೋಂದಾಯಿಸಿದರೆ ಕಳ್ಳ ಹೊರಬೀಳುತ್ತಾನೆ. ಆದರೆ ಕಳ್ಳ ಅಷ್ಟರೊಳಗೆ ತನ್ನದೊಂದು ಪಿನ್ ಇಟ್ಟಿದ್ದರೆ, ಖಾತೆ ಮತ್ತೆ ತೆರೆಯಲು ಏಳು ದಿನ ಕಾಯಬೇಕಾಗುತ್ತದೆ. ನೀವು ಇಂದೇ ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಟೂ ಸ್ಟೆಪ್ ವೆರಿಫಿಕೇಶನ್’ ತೆರೆದು ನಿಮ್ಮ ಪಿನ್ ಇಟ್ಟುಕೊಳ್ಳಿ. ಅವರು ಅಥವಾ ಅವರ ಹೆಸರಿನಲ್ಲಿ ಬಂದ ಸಂದೇಶ ನಂಬಿ ಬೇರೆ ಯಾರಾದರೂ ಹಣ ಕಳೆದುಕೊಂಡಿದ್ದರೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಲಿ.