ಪ್ರಕರಣ: ಮನೆಮಂದಿಯ ಕಂಪ್ಯೂಟರಿನಲ್ಲಿ ಅಳಿಸಿದ ದಿನಚರಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಮಾಲೋಚನೆಗೆ ಬಂದವರು ಯುವತಿ. ಮನೆಯವರೆಲ್ಲ ಬಳಸುವುದು ಒಂದೇ ಕಂಪ್ಯೂಟರ್, ಒಂದೇ ಖಾತೆ. ಮದುವೆ ಮುರಿದ ಸಂಕಟವನ್ನು ವರ್ಡ್‌ನಲ್ಲಿ ಬರೆದು, ಕಡತ ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡುತ್ತಿದ್ದರು. ಒಂದು ದಿನ ಅಣ್ಣ, "ಏನಮ್ಮಾ ಇದು, 'ಅವನಿಗೆ ಹೇಳದ ಮಾತು' ಅಂತ?" ಎಂದು ಕೇಳಿದರು. ಕಡತ ಹೋಗಿತ್ತು, ವರ್ಡ್ ತೆರೆದೊಡನೆ ಕಾಣುವ ಇತ್ತೀಚಿನ ಕಡತಗಳ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದಿತ್ತು. ಅಂದಿನಿಂದ ಬರೆಯುವುದು ನಿಂತಿತು. ಎಲ್ಲರೂ ಮಲಗಿದ ಮೇಲೆ 'ಕ್ಲೀನರ್' ತಂತ್ರಾಂಶಗಳನ್ನು ಓಡಿಸುವುದು, ನಡುರಾತ್ರಿ ಎದ್ದು ಬಂದು ಮತ್ತೆ ನೋಡುವುದು ಶುರುವಾಯಿತು. "ಮೇಡಂ, ನನಗೆ ಸಂಶಯದ ಕಾಯಿಲೆಯಾ?" ಎಂಬುದೇ ಅವರ ಮೊದಲ ಪ್ರಶ್ನೆ.

ಭಯಕ್ಕೆ ನಿಜವಾದ ಕಾರಣವಿತ್ತು. ಅದನ್ನು ಒಪ್ಪದೆ "ಏನೂ ಆಗಲ್ಲ ಬಿಡಿ" ಎಂದರೆ ಇಂಥವರ ನಂಬಿಕೆ ಕಳೆದುಹೋಗುತ್ತದೆ. ತೊಂದರೆ ಇದ್ದದ್ದು ಭಯಕ್ಕೆ ಗಡಿ ಇಲ್ಲದಿರುವುದರಲ್ಲಿ: ಏನು ಎಲ್ಲಿ ಉಳಿದಿದೆ ಎಂದು ತಿಳಿಯದೆ ಇಡೀ ಯಂತ್ರವನ್ನೇ ಉಜ್ಜುತ್ತಿದ್ದರು. ಕ್ಲೀನರ್‌ಗಳು ಅದನ್ನೇ ಬೆಳೆಸಿದ್ದವು. ಪ್ರತಿ ಸಲವೂ ನೂರಾರು 'ದೋಷ' ತೋರಿಸುತ್ತವೆ, ಅವುಗಳಲ್ಲಿ ಹೆಚ್ಚಿನವಕ್ಕೂ ಖಾಸಗಿತನಕ್ಕೂ ಸಂಬಂಧವಿಲ್ಲ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಕಡತಕೋಶ) ಸ್ವಚ್ಛಗೊಳಿಸುವುದಂತೂ ಬೇಡವೇ ಬೇಡ. ವಿಂಡೋಸೇ ಕೆಟ್ಟು ಕೂರಬಹುದು.

ಮೊದಲ ಕೆಲಸವಾಗಿ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಲು ಹೇಳಲಾಯಿತು: ಯಾವುದು ಕಾಣಬಾರದು, ಯಾರಿಗೆ ಕಾಣಬಾರದು, ಅವರು ಕಂಪ್ಯೂಟರಿನಲ್ಲಿ ಏನೇನು ತೆರೆಯುತ್ತಾರೆ. ಅಣ್ಣ ತೆರೆಯುವುದು ವರ್ಡ್, ಕ್ರೋಮ್, ಫೈಲ್ ಎಕ್ಸ್‌ಪ್ಲೋರರ್ ಮೂರೇ. ಮುಚ್ಚಬೇಕಾದ ಕಿಂಡಿಗಳೂ ಅಷ್ಟೇ.

ವರ್ಡ್‌ನಲ್ಲಿ ಪಟ್ಟಿಯ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿದರೆ ಅದನ್ನು ತೆಗೆಯಬಹುದು. ಆಪ್ಷನ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ತೋರಿಸುವ ಇತ್ತೀಚಿನ ಕಡತಗಳ ಸಂಖ್ಯೆಯನ್ನು 0 ಮಾಡಿದರೆ ಪಟ್ಟಿಯೇ ಕಾಣುವುದಿಲ್ಲ. ಅವರು ಗಮನಿಸದೇ ಇದ್ದದ್ದು ಆಟೋ ರಿಕವರ್. ವರ್ಡ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಬೇರೊಂದು ಫೋಲ್ಡರಿನಲ್ಲಿ ಪ್ರತಿ ಇಡುತ್ತದೆ. ಒಮ್ಮೆಯೂ ಉಳಿಸದೆ ಮುಚ್ಚಿದ ಬರಹ ಇನ್ನೊಂದು ಫೋಲ್ಡರಿನಲ್ಲಿ ಸಿಗಬಹುದು, ಅದನ್ನು ಇನ್ಫೋ ಪುಟದ 'ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್' ತೋರಿಸುತ್ತದೆ. ಆಪ್ಷನ್ಸ್‌ನ ಸೇವ್ ಭಾಗದಲ್ಲಿ ಆಟೋ ರಿಕವರ್ ಫೋಲ್ಡರಿನ ವಿಳಾಸ ಇರುತ್ತದೆ. ಅಲ್ಲಿಗೆ ಹೋಗಿ ನೋಡಿದಾಗ ಹಳೆಯ ಎರಡು ಪುಟದ ಒಂದು ಕಡತ ಹಾಗೇ ಇತ್ತು. ಅದನ್ನು ಅವರು ತಮ್ಮ ಕೈಯಾರೆ ಅಳಿಸಿದರು. ಕಣ್ಣಾರೆ ಕಂಡು ಅಳಿಸಿದ ಈ ಒಂದು ಕಡತ, ಅಷ್ಟೂ ರಾತ್ರಿಗಳ ಕ್ಲೀನರ್ ಕೊಡದ ಸಮಾಧಾನ ಕೊಟ್ಟಿತು.

ಫೈಲ್ ಎಕ್ಸ್‌ಪ್ಲೋರರ್‌ನ ಫೋಲ್ಡರ್ ಆಪ್ಷನ್ಸ್‌ನಲ್ಲಿ, ಜನರಲ್ ಭಾಗದ ಪ್ರೈವೆಸಿ ಅಡಿಯಲ್ಲಿ ಕ್ಲಿಯರ್ ಒತ್ತಬೇಕು. ಇತ್ತೀಚಿನ ಕಡತ ತೋರಿಸುವ ಗುರುತನ್ನೂ ತೆಗೆಯಬೇಕು. ವಿಂಡೋಸ್ ಕೀ ಜೊತೆ ವಿ ಒತ್ತಿ ನೋಡಿ: ಕ್ಲಿಪ್‌ಬೋರ್ಡ್ ಇತಿಹಾಸ ಚಾಲೂ ಇದ್ದರೆ ನಕಲು ಮಾಡಿದ ಸಾಲುಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ (ಮೈಕ್ರೋಸಾಫ್ಟ್‌ನ ಅಂತರ್ಜಾಲ ಕಡತ ಸಂಗ್ರಹ) ಸೇರಿದ್ದರೆ ಅಂತರ್ಜಾಲದಲ್ಲಿರುವ ಅದರ ಕಸದ ಬುಟ್ಟಿ ಬೇರೆಯೇ. ವೈಯಕ್ತಿಕ ಖಾತೆಯಲ್ಲಿ ಕಡತ 30 ದಿನ ಅಲ್ಲಿರುತ್ತದೆ.

ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಒಟ್ಟಿಗೆ ಒತ್ತಿದರೆ ಇತಿಹಾಸ ಅಳಿಸುವ ಕಿಟಕಿ ತೆರೆಯುತ್ತದೆ. ಅಲ್ಲಿ ಎಲ್ಲರೂ ಮಾಡುವ ತಪ್ಪು, ಅವಧಿಯನ್ನು ಕೊನೆಯ ಒಂದು ಗಂಟೆಗೇ ಬಿಡುವುದು. 'ಆಲ್ ಟೈಮ್' ಆರಿಸಬೇಕು. ಸಿಂಕ್ (ಒಂದೇ ಖಾತೆಯ ಸಾಧನಗಳಲ್ಲಿ ಇತಿಹಾಸವನ್ನು ಒಂದೇ ಆಗಿಡುವುದು) ಚಾಲೂ ಇದ್ದರೆ ಇತಿಹಾಸ ಫೋನಿನಿಂದಲೂ ಹೋಗುತ್ತದೆ, ಇದನ್ನು ಮೊದಲೇ ತಿಳಿದಿರಬೇಕು. ಗೂಗಲ್ ಖಾತೆಯ 'ಮೈ ಆಕ್ಟಿವಿಟಿ'ಯಲ್ಲಿರುವ ಹುಡುಕಾಟಗಳನ್ನು ಪ್ರತ್ಯೇಕವಾಗಿ ಅಳಿಸಬೇಕು. ಇತಿಹಾಸ ಉಳಿಸದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಇಳಿಸಿಕೊಂಡ ಕಡತವೂ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಇರುತ್ತದೆ.

"ಅಳಿಸಿದ್ದನ್ನು ಮರಳಿ ತೆಗೆಯುವ ತಂತ್ರಾಂಶ ಇದೆಯಂತಲ್ಲ?" ಎಂದು ಕೇಳಿದರು. ಇದೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಆ ಜಾಗದ ಮೇಲೆ ಬೇರೆ ದತ್ತಾಂಶ ಬರೆಯುವವರೆಗೂ ಅದು ಸಿಗಬಹುದು. ಹೊಸ ಬಗೆಯ ಎಸ್‌ಎಸ್‌ಡಿ ಡಿಸ್ಕ್‌ನಲ್ಲಿ, ಅಳಿಸಿದ ಜಾಗವನ್ನು ತಾನೇ ಖಾಲಿ ಮಾಡುವ ಟ್ರಿಮ್ ವ್ಯವಸ್ಥೆ ಇರುವುದರಿಂದ ಸಿಗುವುದು ಬಹಳ ಕಷ್ಟ. ಆದರೆ ಎಸ್‌ಎಸ್‌ಡಿ ತಾನೇ ಬರೆಯುವ ಜಾಗ ಬದಲಿಸುತ್ತಿರುವುದರಿಂದ, ಮೇಲೆ ಬರೆದು ಒರೆಸುವ ತಂತ್ರಾಂಶಗಳ ಮೇಲೆ ಅಲ್ಲಿ ಭರವಸೆ ಇಡುವಂತಿಲ್ಲ. ಬರೆದು ಅಳಿಸುವುದಕ್ಕಿಂತ ಕಡತಕ್ಕೆ ಮೊದಲೇ ಬೀಗ ಹಾಕುವುದು ಮೇಲು. ಅದಕ್ಕಾಗಿ ವರ್ಡ್‌ನ ಇನ್ಫೋ ಪುಟದಲ್ಲಿ 'ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್' ಇದೆ. ಪಾಸ್‌ವರ್ಡ್ ಮರೆತರೆ ಬರಹ ಕಳೆದಂತೆಯೇ. ಕಡತದ ಹೆಸರಿಗೆ ಬೀಗ ಬೀಳುವುದಿಲ್ಲ, ಹಾಗಾಗಿ 'ಟಿಪ್ಪಣಿ 4' ಎಂಬಂಥ ಸಪ್ಪೆ ಹೆಸರೇ ಒಳ್ಳೆಯದು. ಪ್ರತ್ಯೇಕ ವಿಂಡೋಸ್ ಖಾತೆಯನ್ನೂ ಮಾಡಿಕೊಂಡರು. ಅಣ್ಣನದು ಅಡ್ಮಿನಿಸ್ಟ್ರೇಟರ್ ಖಾತೆಯಾದರೆ (ಇಡೀ ಕಂಪ್ಯೂಟರಿನ ಮೇಲೆ ಹಿಡಿತವಿರುವ ಖಾತೆ) ಅವರು ಬೇರೆಯವರ ಫೋಲ್ಡರ್ ತೆರೆಯಬಲ್ಲರು. ಆಗಲೂ ಪಾಸ್‌ವರ್ಡ್ ಇರುವ ಕಡತ ತೆರೆಯದು.

ಮನಸ್ಸಿನ ಭಾಗಕ್ಕೆ ಕೊಟ್ಟ ಕ್ರಮ ಚಿಕ್ಕದು. ಕ್ಲೀನರ್‌ಗಳನ್ನು ತೆಗೆದುಹಾಕುವುದು. ವಾರಕ್ಕೊಮ್ಮೆ, ಹಗಲಿನಲ್ಲಿ, ಹಾಳೆಯಲ್ಲಿರುವ ಜಾಗಗಳನ್ನಷ್ಟೇ ನೋಡಿ ಗುರುತು ಹಾಕುವುದು. ರಾತ್ರಿ ಎದ್ದು ನೋಡಬೇಕೆನಿಸಿದರೆ ಕಂಪ್ಯೂಟರ್ ಬಿಟ್ಟು ಹಾಳೆಯ ಗುರುತು ನೋಡುವುದು. ಅಣ್ಣನಿಗೆ ಹೇಳಲು ಒಂದು ಮಾತನ್ನೂ ಸಿದ್ಧಮಾಡಿಕೊಂಡರು: "ಅಣ್ಣಾ, ಅದು ನಾನು ನನಗೋಸ್ಕರ ಬರೆದದ್ದು, ಓದಬೇಡ." ಅಣ್ಣ ಓದುವ ಉದ್ದೇಶದಿಂದ ಹುಡುಕಿದವರಲ್ಲ, ಈ ಮಾತಿಗೆ ತಕ್ಷಣ ಒಪ್ಪಿದರು.

ಮನೆಯಲ್ಲಿ ಬೆದರಿಸುವ, ಹೊಡೆಯುವ, ಬೇಹು ನೋಡುವ ವ್ಯಕ್ತಿ ಇದ್ದರೆ ಈ ಸಲಹೆ ಹೊಂದುವುದಿಲ್ಲ. ಅಲ್ಲಿ ಇತಿಹಾಸ ಒಮ್ಮೆಲೇ ಖಾಲಿಯಾಗಿ ಕಂಡರೆ ಅನುಮಾನ ಹೆಚ್ಚಿ ಅಪಾಯವಾಗಬಹುದು. ಒತ್ತಿದ ಕೀಗಳನ್ನೆಲ್ಲ ದಾಖಲಿಸುವ ತಂತ್ರಾಂಶ ಹಾಕಿದ್ದರೆ ಎಷ್ಟು ಅಳಿಸಿದರೂ ಉಪಯೋಗವಿಲ್ಲ. ಸಹಾಯ ಹುಡುಕಲು ಆ ವ್ಯಕ್ತಿಯ ಕೈಗೆ ಸಿಗದ ಬೇರೆ ಸಾಧನ ಬಳಸಿ. ಬೆದರಿಕೆಯ ಸಂದೇಶಗಳನ್ನು ಅಳಿಸದೆ, ನಂಬಿಕಸ್ಥರ ಬಳಿ ಒಂದು ಪ್ರತಿ ಇಡಿ.