ಅತ್ತೆಯವರ ಅಂಗಾಲಿನ ಕಪ್ಪು ಕಲೆ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಸೋದರಿ,

ಶಿವಮೊಗ್ಗ ಜಿಲ್ಲೆಯಿಂದ ನೀವು ಬರೆದ ಪತ್ರ ತಲುಪಿತು. ನಿಮ್ಮ ಇಚ್ಛೆಯಂತೆ ಹೆಸರನ್ನೂ ಊರನ್ನೂ ಬಿಟ್ಟು, ಉಳಿದ ಓದುಗರಿಗೆ ವಿಷಯ ತಿಳಿಯುವಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಅರವತ್ತನಾಲ್ಕು ವರ್ಷದ ನಿಮ್ಮ ಅತ್ತೆಯವರ ಬಲ ಅಂಗಾಲಿನಲ್ಲಿ, ಹಿಮ್ಮಡಿಯ ಹತ್ತಿರ, ಎರಡು ವರ್ಷದ ಹಿಂದೆ ಕಾಣಿಸಿಕೊಂಡ ಕಪ್ಪು ಕಲೆಯೊಂದು ಈಗ ರೂಪಾಯಿ ನಾಣ್ಯದಷ್ಟು ಅಗಲವಾಗಿದೆ. ಮೊದಲು ಆಣಿಯೆಂದು ತಿಳಿದು ಅದನ್ನು ಬ್ಲೇಡಿನಿಂದ ಕೆರೆದಿದ್ದಾರೆ, ಆಮೇಲೆ ಸುಣ್ಣ ಹಚ್ಚಿದ್ದಾರೆ. ಮೂರು ತಿಂಗಳಿನಿಂದ ಅದರ ನಡುವೆ ಹುಣ್ಣಾಗಿ ಒಸರುತ್ತಿದೆ. ಅವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಇದೂ ಸಕ್ಕರೆಯ ಗಾಯವೇ ಎಂದು ವೈದ್ಯರೊಬ್ಬರು ಮುಲಾಮು ಬರೆದುಕೊಟ್ಟಿದ್ದಾರೆ. ಬ್ರಿಸ್ಬೇನ್‌ನಲ್ಲಿರುವ ನಿಮ್ಮ ನಾದಿನಿ ವಿಡಿಯೊ ಕರೆಯಲ್ಲಿ ಅದನ್ನು ನೋಡಿ, ಚರ್ಮದ ಕ್ಯಾನ್ಸರ್ ಇರಬಹುದು, ತಕ್ಷಣ ತೋರಿಸಿ ಎಂದಿದ್ದಾರೆ. ಮನೆಯ ಹಿರಿಯರು ಮಾತ್ರ, ಅದು ಬಿಳಿಯರಿಗೆ ಬರುವ ಕಾಯಿಲೆ, ಅಲ್ಲದೆ ಕತ್ತಿ ತಾಗಿಸಿದರೆ ಮೈಯೆಲ್ಲ ಹರಡುತ್ತದೆ ಎಂದು ತಡೆಯುತ್ತಿದ್ದಾರೆ. ಯಾರ ಮಾತು ಸರಿ, ಎಲ್ಲಿಗೆ ಹೋಗಬೇಕು, ಮನೆಯವರೆಲ್ಲ ಪ್ರತಿ ವರ್ಷ ಪರೀಕ್ಷೆ ಮಾಡಿಸಿಕೊಳ್ಳಬೇಕೇ, ಸನ್‌ಸ್ಕ್ರೀನ್ ಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ.

ಮೊದಲ ಉತ್ತರವನ್ನು ತಡಮಾಡದೆ ಹೇಳಿಬಿಡುತ್ತೇನೆ: ಅತ್ತೆಯವರನ್ನು ಈ ವಾರವೇ ಚರ್ಮರೋಗ ತಜ್ಞರ ಬಳಿಗೆ ಕರೆದುಕೊಂಡು ಹೋಗಿ. ನಾನು ವೈದ್ಯನಲ್ಲ, ವೈದ್ಯರೇ ಆದರೂ ಪತ್ರ ಓದಿ ಇದು ಇಂಥದೇ ರೋಗವೆಂದು ಹೇಳಲಾರರು. ಅದು ನಿಜವಾಗಿಯೂ ಸಕ್ಕರೆಯ ಗಾಯವೇ ಆಗಿರಬಹುದು. ಆದರೆ ವಯಸ್ಸಾದ ಮೇಲೆ ಅಂಗಾಲಿನಲ್ಲಿ ಹೊಸದಾಗಿ ಹುಟ್ಟಿದ ಕಪ್ಪು ಕಲೆ, ಅದು ಹರಡುತ್ತ ಹೋಗಿರುವುದು, ಈಗ ಹುಣ್ಣಾಗಿ ಮೂರು ತಿಂಗಳಾದರೂ ಮಾಯದಿರುವುದು, ಈ ಮೂರೂ ಒಂದೇ ಜಾಗದಲ್ಲಿ ಕೂಡಿರುವಾಗ ಆ ಜಾಗದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡದೆ ಯಾರೂ ಧೈರ್ಯ ಹೇಳಬಾರದು. ಅಂಗಾಲಿನ ಮೆಲನೋಮಾವನ್ನು, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರನ್ನು, ಸಕ್ಕರೆಯ ಹುಣ್ಣೆಂದು ತಿಳಿದು ತಿಂಗಳುಗಟ್ಟಲೆ ಪಟ್ಟಿ ಕಟ್ಟಿಸಿಕೊಂಡ ರೋಗಿಗಳ ವಿವರಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ.

ಇದು ಬಿಳಿಯರ ಕಾಯಿಲೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವುದರಿಂದ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಹಳ ಕಡಿಮೆ. ಬಿಳಿಯ ಚರ್ಮದ ಜನ ಉರಿಬಿಸಿಲಿನ ನಾಡಿನಲ್ಲಿ ನೆಲೆಸಿದ ಆಸ್ಟ್ರೇಲಿಯಾದಲ್ಲಿ, ಅದರಲ್ಲೂ ನಿಮ್ಮ ನಾದಿನಿಯವರಿರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ, ಮೆಲನೋಮಾ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವ ಪ್ರದೇಶಗಳಿವೆ. ಅಂಗಿ ತೊಡಿ, ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಹಾಕಿ ಎಂಬ ಪ್ರಚಾರವನ್ನು ಅಲ್ಲಿ 1981ರಿಂದಲೂ ನಡೆಸುತ್ತಿದ್ದಾರೆ. ಇಂಥ ಪರಿಸರದಲ್ಲಿ ಬದುಕುತ್ತಿರುವುದರಿಂದಲೇ ನಿಮ್ಮ ನಾದಿನಿಯವರ ಕಣ್ಣು ಆ ಕಲೆಯ ಮೇಲೆ ಬಿದ್ದಿರಬೇಕು. ಅವರಿಗೆ ನೀವು ಕೃತಜ್ಞರಾಗಿರಬೇಕು.

ಇನ್ನರ್ಧ ಸತ್ಯವನ್ನು ನಮಗೆ ಯಾರೂ ಸರಿಯಾಗಿ ಹೇಳಿಲ್ಲ. ಬಿಸಿಲು ಬೀಳದ ಜಾಗಗಳಲ್ಲಿ, ಅಂದರೆ ಅಂಗಾಲು, ಅಂಗೈ ಮತ್ತು ಉಗುರಿನ ಬುಡದಲ್ಲಿ ಹುಟ್ಟುವ ಒಂದು ಬಗೆಯ ಮೆಲನೋಮಾ ಇದೆ. ಅದು ಎಲ್ಲ ಬಣ್ಣದ ಜನರಿಗೂ ಬರುತ್ತದೆ. ಕಪ್ಪು ಮತ್ತು ಕಂದು ಚರ್ಮದವರಿಗೆ ಬರುವ ಮೆಲನೋಮಾಗಳಲ್ಲಿ ದೊಡ್ಡ ಪಾಲು ಇದೇ. ಜಮೈಕಾದ ಗಾಯಕ ಬಾಬ್ ಮಾರ್ಲೆ ಅವರ ಕಾಲ್ಬೆರಳಿನ ಉಗುರಿನ ಅಡಿಯಲ್ಲಿ 1977ರಲ್ಲಿ ಪತ್ತೆಯಾದದ್ದು ಈ ಕಾಯಿಲೆಯೇ. ಮೊದಲು ಅದನ್ನು ಫುಟ್‌ಬಾಲ್ ಆಡುವಾಗ ಆದ ಪೆಟ್ಟೆಂದು ಭಾವಿಸಲಾಗಿತ್ತು. ಬೆರಳನ್ನು ತೆಗೆಸಿಕೊಳ್ಳಲು ಅವರು ಒಪ್ಪಲಿಲ್ಲ. 1981ರ ಮೇ ತಿಂಗಳಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಚರ್ಮದ ಕ್ಯಾನ್ಸರ್ ಕುರಿತ ಬರಹಗಳ ಜೊತೆ ಅಚ್ಚಾಗುವ ಚಿತ್ರಗಳು ಹೆಚ್ಚಾಗಿ ಬಿಳಿಯರ ಬೆನ್ನು, ಭುಜಗಳದ್ದೇ ಆಗಿರುವುದರಿಂದ ನಮ್ಮವರು ಪಾದವನ್ನು ತಿರುಗಿಸಿ ನೋಡುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ನಮ್ಮಲ್ಲಿ ಈ ರೋಗ ಅಪರೂಪ, ಆದರೆ ಬಂದವರು ಆಸ್ಪತ್ರೆಗೆ ತಲುಪುವಾಗ ತಡವಾಗಿರುತ್ತದೆ.

ಹಾಗೆಂದು ಮೈಮೇಲಿನ ಪ್ರತಿಯೊಂದು ಮಚ್ಚೆಗೂ ಹೆದರಬೇಕಾಗಿಲ್ಲ. ಹುಟ್ಟಿನಿಂದ ಇರುವ, ವರ್ಷಗಟ್ಟಲೆ ಇದ್ದ ಹಾಗೆಯೇ ಇರುವ ಮಚ್ಚೆ, ಕೆನ್ನೆಯ ಮೇಲಿನ ಬಂಗು, ಮಧ್ಯವಯಸ್ಸಿನ ಹೆಂಗಸರ ಮುಖದಲ್ಲಿ ಸಾಸಿವೆ ಕಾಳಿನಂತೆ ಏಳುವ ಕಪ್ಪು ಗುಳ್ಳೆಗಳು, ಕುತ್ತಿಗೆಯಲ್ಲಿ ಜೋತಾಡುವ ನರೂಲಿಯಂಥ ಚರ್ಮದ ತುಣುಕುಗಳು, ವಯಸ್ಸಾದವರ ಬೆನ್ನಿನ ಮೇಲೆ ಅಂಟಿಸಿದಂತೆ ಕಾಣುವ ಒರಟು ಕಂದು ಗಂಟುಗಳು, ಇವೆಲ್ಲ ಸಾಮಾನ್ಯವಾಗಿ ನಿರಪಾಯಕಾರಿ. ವೈದ್ಯರು ಅನುಮಾನಪಡುವುದು ಬೇರೆ ಲಕ್ಷಣಗಳಿಗೆ: ಕಲೆಯ ಒಂದು ಅರ್ಧ ಇನ್ನೊಂದು ಅರ್ಧವನ್ನು ಹೋಲದಿರುವುದು, ಅಂಚು ನುಣುಪಾಗಿರದೆ ಹರಿದಂತಿರುವುದು, ಒಂದೇ ಕಲೆಯಲ್ಲಿ ಕಪ್ಪು, ಕಂದು, ಕೆಂಪು, ಬೂದು ಬಣ್ಣಗಳು ಬೆರೆತಿರುವುದು, ಅಗಲ 6 ಮಿಲಿಮೀಟರನ್ನು ದಾಟಿರುವುದು, ಎಲ್ಲಕ್ಕಿಂತ ಮುಖ್ಯವಾಗಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿರುವುದು. ನ್ಯೂಯಾರ್ಕಿನ ವೈದ್ಯರು 1985ರಲ್ಲಿ ಇವುಗಳಲ್ಲಿ ಮೊದಲ ನಾಲ್ಕನ್ನು ಜನ ನೆನಪಿಟ್ಟುಕೊಳ್ಳುವಂತೆ ಜೋಡಿಸಿದರು. ಬದಲಾವಣೆ ಎಂಬ ಐದನೆಯ ಲಕ್ಷಣವನ್ನು ಆಮೇಲೆ ಸೇರಿಸಲಾಯಿತು. ನನ್ನ ಅಭಿಪ್ರಾಯದಲ್ಲಿ ಮನೆಯವರು ಗಮನಿಸಬೇಕಾದದ್ದು ಮೊದಲು ಆ ಐದನೆಯದನ್ನೇ. ಬಣ್ಣವೇ ಇಲ್ಲದ ಮೆಲನೋಮಾ ಕೂಡ ಉಂಟು. ಅದು ಕೆಂಪು ಮಾಂಸದ ಗಂಟಿನಂತೆ ಕಾಣುತ್ತದೆ. ಆದ್ದರಿಂದ ಕಪ್ಪಾಗಿಲ್ಲವೆಂಬ ಒಂದೇ ಕಾರಣಕ್ಕೆ, ಒಂದು ತಿಂಗಳು ಮೀರಿಯೂ ಮಾಯದ ಹುಣ್ಣನ್ನು ಕಡೆಗಣಿಸಬಾರದು.

ಉಗುರಿನ ವಿಷಯದಲ್ಲಿ ಗೊಂದಲ ಹೆಚ್ಚಾಗಿರುವುದರಿಂದ ಎರಡು ಮಾತು ಹೇಳಬೇಕು. ನಮ್ಮ ಚರ್ಮದವರಲ್ಲಿ ಹಲವು ಉಗುರುಗಳಲ್ಲಿ ಉದ್ದಕ್ಕೆ ಕಂದು ಗೆರೆಗಳಿರುವುದು ಸಾಮಾನ್ಯ, ಅದಕ್ಕೆ ಭಯ ಬೇಡ. ಆದರೆ ನಡುವಯಸ್ಸಿನ ನಂತರ ಒಂದೇ ಉಗುರಿನಲ್ಲಿ, ಮುಖ್ಯವಾಗಿ ಹೆಬ್ಬೆರಳಿನಲ್ಲಿ, ಹೊಸದಾಗಿ ಗೆರೆ ಹುಟ್ಟಿ ಅಗಲವಾಗುತ್ತಿದ್ದರೆ, ಅಥವಾ ಕಪ್ಪು ಬಣ್ಣ ಉಗುರನ್ನು ದಾಟಿ ಬುಡದ ಚರ್ಮಕ್ಕೂ ಹಬ್ಬಿದ್ದರೆ ತೋರಿಸಲೇಬೇಕು. ಪೆಟ್ಟಿನಿಂದ ಉಗುರಿನಡಿ ಹೆಪ್ಪುಗಟ್ಟಿದ ರಕ್ತವೂ ಕಪ್ಪಾಗಿಯೇ ಕಾಣುತ್ತದೆ, ಆದರೆ ಉಗುರು ಬೆಳೆದಂತೆ ಅದು ತುದಿಯ ಕಡೆಗೆ ಸರಿಯುತ್ತ ಹೋಗಿ, ಕೈಬೆರಳಿನಲ್ಲಿ ಸುಮಾರು ಆರು ತಿಂಗಳಿಗೆ, ಕಾಲಿನ ಹೆಬ್ಬೆರಳಿನಲ್ಲಿ ಒಂದರಿಂದ ಒಂದೂವರೆ ವರ್ಷಕ್ಕೆ ಹೊರಬೀಳುತ್ತದೆ. ಸರಿಯದೆ ನಿಂತಲ್ಲೇ ನಿಂತ ಕಪ್ಪನ್ನು ಪೆಟ್ಟಿನ ಲೆಕ್ಕಕ್ಕೆ ಹಾಕಬೇಡಿ. ವಾಸಿಯಾಗದೆ ಮರಳಿ ಮರಳಿ ಬರುವ ಉಗುರುಸುತ್ತಿಗೂ ಇದೇ ಮಾತು.

ಮೆಲನೋಮಾದ ಆಚೆಗೆ, ನಮ್ಮ ದೇಶದಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವ ಇನ್ನೂ ಕೆಲವು ದಾರಿಗಳಿವೆ. ಸುಟ್ಟ ಗಾಯದ ಹಳೆಯ ಕಲೆಯಲ್ಲಿ, ಹತ್ತಾರು ವರ್ಷಗಳ ಬಳಿಕ, ಮಾಯದ ಹುಣ್ಣಾಗಿ ಅದು ತೋರಿಕೊಳ್ಳಬಹುದು. ಚಿಕ್ಕಂದಿನಲ್ಲಿ ಸೀರೆಗೋ ಲಂಗಕ್ಕೋ ಒಲೆಯ ಬೆಂಕಿ ತಗುಲಿ ಸುಟ್ಟುಕೊಂಡ ಹೆಂಗಸರು ಎಷ್ಟೋ ಮನೆಗಳಲ್ಲಿರುವುದರಿಂದ ಇದು ಸಣ್ಣ ಸಂಗತಿಯಲ್ಲ. ಸೊಂಟಕ್ಕೆ ಪಂಚೆಯನ್ನು ಬಿಗಿಯಾಗಿ ಕಟ್ಟಿ ಕಟ್ಟಿ ಉಜ್ಜಿದ ಜಾಗದಲ್ಲಿ ಹುಟ್ಟುವ ಕ್ಯಾನ್ಸರನ್ನು ಮುಂಬೈನ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಮತ್ತು ಬಿ. ಸೂರ್ಯಾಬಾಯಿ 1945ರಲ್ಲೇ ವರ್ಣಿಸಿದ್ದಾರೆ. ಲಂಗದ ಲಾಡಿ ಉಜ್ಜುವ ಜಾಗದಲ್ಲೂ ಅದು ಹುಟ್ಟುವುದುಂಟು. ಅಲ್ಲಿ ಚರ್ಮ ಮೊದಲು ಕಪ್ಪಾಗುತ್ತದೆ, ಸಿಪ್ಪೆ ಏಳುತ್ತದೆ, ಆಮೇಲೆ ಬಿರಿದು ಹುಣ್ಣಾಗುತ್ತದೆ. ಲಾಡಿಯನ್ನು ಸಡಿಲಿಸಿ, ಕಟ್ಟುವ ಎತ್ತರವನ್ನು ಆಗಾಗ ಬದಲಿಸಿದರೆ ಅಷ್ಟರ ಮಟ್ಟಿಗೆ ಅದನ್ನು ತಡೆಯಬಹುದು. ಹಳೆಯ ಚಿನ್ನದ ಗಣಿಗಳ ಪ್ರದೇಶಕ್ಕೆ ಸೇರಿದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲೇ ಆರ್ಸೆನಿಕ್ ಎಂಬ ವಿಷವಸ್ತು ಕಂಡುಬಂದದ್ದನ್ನು ಕನ್ನಡಿಗರು ಮರೆಯಬಾರದು. ಆರ್ಸೆನಿಕ್ ಬೆರೆತ ನೀರನ್ನು ವರ್ಷಗಟ್ಟಲೆ ಕುಡಿದವರ ಅಂಗೈ, ಅಂಗಾಲುಗಳಲ್ಲಿ ಗಡುಸಾದ ಗುಳ್ಳೆಗಳೆದ್ದು, ಮುಂದೆ ಕೆಲವರಲ್ಲಿ ಅವು ಕ್ಯಾನ್ಸರಿಗೆ ತಿರುಗುತ್ತವೆ. ಮೂಗು, ಕಣ್ಣಿನ ರೆಪ್ಪೆಯ ಸುತ್ತ ಮುತ್ತಿನಂತೆ ಹೊಳೆಯುವ ಅಂಚಿನ ಗಂಟಾಗಿ ಬೆಳೆಯುವ ಬಗೆಯೂ ಒಂದಿದೆ. ಅದು ದೇಹದ ಬೇರೆಡೆಗೆ ಹರಡುವುದು ತೀರ ಅಪರೂಪ, ಆದರೆ ಬಿಟ್ಟರೆ ಮೂಗನ್ನೂ ರೆಪ್ಪೆಯನ್ನೂ ತಿನ್ನುತ್ತ ಹೋಗುತ್ತದೆ.

ಇನ್ನು ಕತ್ತಿ ತಾಗಿಸಿದರೆ ಹರಡುತ್ತದೆ ಎಂಬ ಭಯ. ನಿಮ್ಮ ಮನೆಯ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ತಡವಾಗಿ ಆಸ್ಪತ್ರೆಗೆ ಹೋದ ಯಾರದೋ ಗಡ್ಡೆಯನ್ನು ಕೊಯ್ದ ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡದ್ದನ್ನು ಊರಿನ ಜನ ಕಂಡಿರುತ್ತಾರೆ, ಕೊಯ್ದದ್ದೇ ಸಾವಿಗೆ ಕಾರಣವೆಂದು ನಂಬಿರುತ್ತಾರೆ. ವಾಸ್ತವದಲ್ಲಿ ಆ ರೋಗ ಕೊಯ್ಯುವ ಮೊದಲೇ ಹರಡಿರುತ್ತದೆ. ಪರೀಕ್ಷೆಗಾಗಿ ಚರ್ಮದ ಚೂರು ತೆಗೆಯುವುದರಿಂದ ಮೆಲನೋಮಾ ರೋಗಿಯ ಆಯುಸ್ಸು ಕಡಿಮೆಯಾಗುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಅಪಾಯವಿರುವುದು ಮನೆಯ ಬ್ಲೇಡಿನಲ್ಲಿ, ಸುಣ್ಣದಲ್ಲಿ, ಪಾರ್ಲರುಗಳಲ್ಲಿ ಮಚ್ಚೆ ಸುಡಿಸಿಕೊಳ್ಳುವುದರಲ್ಲಿ. ಅವು ಮೇಲಿನ ಕಪ್ಪನ್ನು ಅಳಿಸಿ, ಒಳಗೆ ಏನಿತ್ತೆಂದು ತಿಳಿಯುವ ಅವಕಾಶವನ್ನೇ ಇಲ್ಲವಾಗಿಸುತ್ತವೆ. ಅನುಮಾನದ ಮಚ್ಚೆಯನ್ನು ಯಾರೇ ತೆಗೆದರೂ, ತೆಗೆದ ಚೂರು ಪ್ರಯೋಗಾಲಯಕ್ಕೆ ಹೋಗಲೇಬೇಕೆಂದು ಕೇಳಿ ಪಡೆಯಿರಿ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆಂದು ಅತ್ತೆಯವರಿಗೆ ಮೊದಲೇ ಹೇಳಿದರೆ ಅವರ ಅರ್ಧ ಭಯ ಹೋಗುತ್ತದೆ. ತಜ್ಞರು ಮೊದಲು ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯಲ್ಲಿ ನೋಡುತ್ತಾರೆ, ಅದರಿಂದ ನೋವಿಲ್ಲ. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನಲ್ಲಿರುವಂತೆ ಏರು ತಗ್ಗಿನ ಗೆರೆಗಳಿರುತ್ತವೆ. ಸಾಧಾರಣ ಮಚ್ಚೆಯ ಬಣ್ಣ ಹೆಚ್ಚಾಗಿ ತಗ್ಗಿನ ಗೆರೆಗಳಲ್ಲಿ ಕೂತಿರುತ್ತದೆ, ಮೆಲನೋಮಾದ ಬಣ್ಣ ಏರಿನ ಮೇಲೆ ಹರಡಿರುತ್ತದೆ. ಬರಿಗಣ್ಣಿಗೆ ಕಾಣದ ಈ ವ್ಯತ್ಯಾಸ ಆ ಕನ್ನಡಿಯಲ್ಲಿ ಕಾಣುತ್ತದೆ. ಅನುಮಾನ ಉಳಿದರೆ ಆ ಜಾಗಕ್ಕೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟು, ಕಲೆ ಚಿಕ್ಕದಾಗಿದ್ದರೆ ಪೂರ್ತಿಯಾಗಿ, ದೊಡ್ಡದಾಗಿದ್ದರೆ ಒಂದು ಭಾಗವನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ತೊಡೆಸಂದಿನಲ್ಲಿ ಗಂಟುಗಳಿವೆಯೇ ಎಂದೂ ಮುಟ್ಟಿ ನೋಡುತ್ತಾರೆ, ಏಕೆಂದರೆ ಕಾಲಿನ ಮೆಲನೋಮಾ ಹರಡಿದರೆ ಹೆಚ್ಚಾಗಿ ಮೊದಲು ತಲುಪುವುದು ಅಲ್ಲಿಗೆ.

ವರದಿಯಲ್ಲಿ ಮೆಲನೋಮಾ ಎಂದು ಬಂದರೆ ಅದರ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಅಮೆರಿಕದ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೊ 1970ರಲ್ಲಿ ತೋರಿಸಿಕೊಟ್ಟಂತೆ ರೋಗಿಯ ಭವಿಷ್ಯವನ್ನು ಬಹುಮಟ್ಟಿಗೆ ಹೇಳುವುದು ಆ ಅಳತೆ. 1 ಮಿಲಿಮೀಟರಿಗಿಂತ ತೆಳುವಾಗಿರುವಾಗಲೇ ತೆಗೆಸಿಕೊಂಡವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷಗಳ ಆಚೆಗೂ ಬದುಕಿರುತ್ತಾರೆ. ದಪ್ಪವಾದಂತೆ ಆ ಪ್ರಮಾಣ ಇಳಿಯುತ್ತದೆ. ದೂರದ ಅಂಗಗಳಿಗೆ ಹರಡಿದ ಮೇಲೆ ಚಿಕಿತ್ಸೆ ಕಠಿಣವೂ ದುಬಾರಿಯೂ ಆಗುತ್ತದೆ. ನಾನು ಈ ವಾರವೇ ಎಂದು ಒತ್ತಿ ಹೇಳಿದ್ದು ಇದಕ್ಕೇ. ಹುಣ್ಣಾಗಿರುವುದರಿಂದ ಎಲ್ಲವೂ ಮುಗಿಯಿತೆಂದು ಮಾತ್ರ ಭಾವಿಸಬೇಡಿ, ಆ ತೀರ್ಮಾನ ವರದಿ ಬಂದ ಮೇಲಿನದು.

ನಿಮಗೆ ಹತ್ತಿರವಾದದ್ದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯಾದ್ದರಿಂದ ಚರ್ಮರೋಗ ವಿಭಾಗಕ್ಕೆ ನೇರವಾಗಿ ಹೋಗಿ. ಕ್ಯಾನ್ಸರ್ ಎಂದು ತಿಳಿದುಬಂದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಳಿಸಬಹುದು. ಉತ್ತರ ಕರ್ನಾಟಕದ ಓದುಗರಿಗೆ ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರವೂ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇವೆ. ಬಿಪಿಎಲ್ ಪಡಿತರ ಚೀಟಿಯಿರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುವುದುಂಟು, ಆದ್ದರಿಂದ ಮೆಗ್ಗಾನ್‌ನ ಕಾಗದಗಳನ್ನೆಲ್ಲ ಜೋಪಾನವಾಗಿಡಿ.

ಮನೆಯವರೆಲ್ಲ ವರ್ಷ ವರ್ಷವೂ ತಜ್ಞರಲ್ಲಿಗೆ ಹೋಗಬೇಕಾದ ಅಗತ್ಯ ನಮ್ಮಲ್ಲಿಲ್ಲ. ಹುಟ್ಟಿನಿಂದಲೇ ಚರ್ಮಕ್ಕೆ ಬಣ್ಣವಿಲ್ಲದವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು, ದೊಡ್ಡ ಸುಟ್ಟ ಕಲೆಯಿರುವವರು ಮಾತ್ರ ವೈದ್ಯರ ಸಲಹೆಯಂತೆ ನಿಯಮಿತವಾಗಿ ತೋರಿಸಿಕೊಳ್ಳಬೇಕು. ಉಳಿದವರು ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ಅಂಗಾಲು, ಬೆರಳ ಸಂದು, ಉಗುರು, ಸೊಂಟವನ್ನು ನೋಡಿಕೊಂಡರೆ ಸಾಕು. ಬಗ್ಗಿ ನೋಡಲಾಗದ ಹಿರಿಯರ ಪಾದವನ್ನು ಮನೆಯವರು ಯಾರಾದರೂ ನೋಡಬೇಕು. ಸಕ್ಕರೆ ಕಾಯಿಲೆಯವರ ಪಾದವನ್ನಂತೂ ದಿನವೂ ನೋಡಬೇಕು. ಸನ್‌ಸ್ಕ್ರೀನ್ ಅತ್ತೆಯವರ ಅಂಗಾಲಿಗೆ ಏನೂ ಮಾಡದು. ಆ ಹಣವನ್ನು ಶಿವಮೊಗ್ಗದ ಪ್ರಯಾಣಕ್ಕೆ ಇಟ್ಟುಕೊಳ್ಳಿ.

ಹೊರಡುವ ದಿನ ಅವರ ಪಾದಕ್ಕೆ ಅರಿಶಿನ, ಮುಲಾಮು, ಸುಣ್ಣ ಯಾವುದನ್ನೂ ಹಚ್ಚಬೇಡಿ. ಉಗುರಿಗೆ ಬಣ್ಣವಿದ್ದರೆ ತೆಗೆಯಿರಿ. ನಾದಿನಿಯವರ ಬಳಿ, ನಿಮ್ಮ ಫೋನಿನಲ್ಲಿ ಆ ಕಲೆಯ ಹಳೆಯ ಚಿತ್ರಗಳಿದ್ದರೆ ದಿನಾಂಕದೊಂದಿಗೆ ತೆಗೆದುಕೊಂಡು ಹೋಗಿ. ಸಕ್ಕರೆಯ ಮಾತ್ರೆಗಳ ಚೀಟಿ ಜೊತೆಗಿರಲಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೂರು ತೆಗೆಯುವ ಮೊದಲೇ ವೈದ್ಯರಿಗೆ ತಿಳಿಸಿ. ವರದಿ ಏನೇ ಬಂದರೂ ನಮಗೆ ಬರೆಯಿರಿ.

ನಿಮ್ಮ,
ಸಂಪಾದಕ